ಹೊಗೆಯ ಬಣ್ಣ ನೋಡಿ ಕಾಯಿಲೆ ಹೇಳಿದವರು

1980ರ ದಶಕದ ಯಾವುದಾದರೊಂದು ಸುಗ್ಗಿಯನ್ನು ನೆನಪಿಸಿಕೊಳ್ಳಿ. ಜೇವರ್ಗಿಯ ರಸ್ತೆ ಬದಿಯಲ್ಲಿ ತೊಗರಿ ತುಂಬಿದ ಲಾರಿಯೊಂದು ನಿಂತಿದೆ. "ಉಸ್ತಾದ್, ಗಾಡಿ ಏರಿಗೆ ಎಳೀವಲ್ದು" ಎನ್ನುತ್ತಾನೆ ಡ್ರೈವರ್. ಉಸ್ತಾದ್ ಕೂಡಲೇ ಪಾನಾ ಕೈಗೆತ್ತಿಕೊಳ್ಳುವುದಿಲ್ಲ. ಎಂಜಿನ್ ಚಾಲೂ ಮಾಡಿಸಿ, ಎಕ್ಸಲೇಟರ್ ಒತ್ತಲು ಹೇಳಿ, ಸೈಲೆನ್ಸರಿನ ಹಿಂದೆ ಹೋಗಿ ನಿಲ್ಲುತ್ತಾನೆ. ಹೊಗೆ ನೋಡಿ ಬಂದ ಮೇಲೆ ನೋಜಲ್ಲುಗಳಿಗೆ ಹೋಗುವ ಡೀಸೆಲ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಮತ್ತೆ ಬಿಗಿಯುತ್ತಾನೆ. ಮೊದಲನೆಯದನ್ನು ಸಡಿಲಿಸಿದಾಗ ಎಂಜಿನ್ ಮುಗ್ಗರಿಸುತ್ತದೆ. ಎರಡನೆಯದಕ್ಕೂ ಹಾಗೆಯೇ, ಮೂರನೆಯದಕ್ಕೂ ಹಾಗೆಯೇ. ನಾಲ್ಕನೆಯದನ್ನು ಸಡಿಲಿಸಿದಾಗ ಮಾತ್ರ ಸಪ್ಪಳದಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ. "ನಾಲ್ಕನೇದು ಮಲಗ್ಯಾದ. ನೋಜಲ್ ಬಿಚ್ಚು" ಎಂದು ಹುಡುಗನಿಗೆ ಹೇಳುತ್ತಾನೆ.

ಡೀಸೆಲ್ ನಿಲ್ಲಿಸಿದರೂ ಸಪ್ಪಳ ಬದಲಾಗದ ಸಿಲಿಂಡರ್ ಮೊದಲೇ ಕೆಲಸ ಬಿಟ್ಟಿದೆ ಎಂಬುದು ಇಲ್ಲಿನ ತರ್ಕ. ಯಾವ ಪುಸ್ತಕವನ್ನೂ ಓದದ ಮನುಷ್ಯ ಹೀಗೆ ಒಂದೊಂದು ಕಾರಣವನ್ನು ತಳ್ಳಿಹಾಕುತ್ತಾ ಉತ್ತರಕ್ಕೆ ಬರುತ್ತಿದ್ದ. ನಮ್ಮ ಜಿಲ್ಲೆಯ ಚರಿತ್ರೆ ಎಂದರೆ ಮಳಖೇಡದ ರಾಷ್ಟ್ರಕೂಟರು, ಬಹಮನಿಗಳ ಕೋಟೆ, ಬಂದೇನವಾಜರ ದರ್ಗಾ, ಆಳಂದದ ಲಾಡ್ಲೆ ಮಶಾಯಖ್, ಅಫಜಲಪುರ ತಾಲೂಕಿನ ಗಾಣಗಾಪುರ. ಇವೆಲ್ಲ ಸರಿಯೇ. ಆದರೆ ಈ ಊರುಗಳ ಹೊರವಲಯದಲ್ಲಿ ಆಯಿಲ್ ಕುಡಿದು ಕಪ್ಪಾದ ನೆಲದ ಮೇಲೆ, ತಗಡಿನ ಶೆಡ್ಡಿನ ಕೆಳಗೆ ಬೆಳೆದ ವಿದ್ಯೆಗೆ ಚರಿತ್ರೆಯಲ್ಲಿ ಒಂದು ಪುಟವೂ ಸಿಕ್ಕಿಲ್ಲ.

ಈ ವಿದ್ಯೆ ಇಲ್ಲಿ ಬೇರೂರಿದ್ದಕ್ಕೆ ಭೂಗೋಳವೂ ಕಾರಣ. ಮುಂಬೈ ಕಡೆಯಿಂದ ಮತ್ತು ಮದ್ರಾಸ್ ಕಡೆಯಿಂದ ಬಂದ ರೈಲು ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ಹಳಿ ಸೊಲ್ಲಾಪುರ, ಗುಲ್ಬರ್ಗಾ, ಶಹಾಬಾದ್, ವಾಡಿಗಳನ್ನು ಮುಟ್ಟಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಪಟ್ಟಣಗಳನ್ನು ಅದು ಬದಿಗೆ ಬಿಟ್ಟಿತು. ಗಾಣಗಾಪುರ ರೋಡ್ ಎಂಬ ನಿಲ್ದಾಣವೇನೋ ಇದೆ, ಆದರೆ ಅಫಜಲಪುರದ ಪೇಟೆಯವನಿಗೆ ಅದು ದೂರವೇ. ಹಾಗಾಗಿ ಇಲ್ಲಿಯ ಜೋಳ, ತೊಗರಿ, ಹತ್ತಿ ಮೊದಲು ಎತ್ತಿನ ಗಾಡಿಯಲ್ಲಿ, ಆಮೇಲೆ ಲಾರಿಯಲ್ಲಿ ಹೊರಗೆ ಹೋದವು. ಲಾರಿ ನಿಂತರೆ ಪೇಟೆಯೇ ನಿಂತಂತೆ. ಲಾರಿಯನ್ನು ಎಬ್ಬಿಸಿ ಕಳಿಸುವವನು ಇಲ್ಲಿ ಹಕೀಮನಷ್ಟೇ ಅಗತ್ಯದ ಮನುಷ್ಯನಾದ.

ಮೋಟಾರು ವಿದ್ಯೆಗೆ ಹೈದರಾಬಾದ್ ಸಂಸ್ಥಾನದಲ್ಲಿ ಬೇಗನೆ ನೆಲೆ ಸಿಕ್ಕಿತ್ತು. ನಿಜಾಮ ಸರಕಾರ 1932ರಲ್ಲಿ ತನ್ನ ರೈಲ್ವೆಯ ಅಂಗವಾಗಿಯೇ ರಸ್ತೆ ಸಾರಿಗೆ ಇಲಾಖೆ ಆರಂಭಿಸಿತು. ಮೊದಲಿಗೆ 27 ಬಸ್ಸುಗಳು, 166 ನೌಕರರು. ಆಗ ಬಂದವು ಸ್ಕಾಟ್ಲೆಂಡಿನ ಆಲ್ಬಿಯನ್ ಬಸ್ಸುಗಳು. ಬಸ್ಸಿನ ಹಿಂದೆ ವರ್ಕ್‌ಶಾಪು ಬಂತು, ವರ್ಕ್‌ಶಾಪಿನ ಹಿಂದೆ ಫಿಟ್ಟರು, ಖರಾದಿ, ವೆಲ್ಡರು ಬಂದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಫೋರ್ಡ್, ಷೆವರ್ಲೆ, ಡಾಡ್ಜ್ ಲಾರಿಗಳು ದೇಶದಾದ್ಯಂತ ಹರಾಜಾದವು. ಅವನ್ನು ಕೊಂಡವರು ಒಂದು ಲಾರಿ ಓಡಿಸಲು ಎರಡು ಲಾರಿ ಬಿಚ್ಚಬೇಕಾಗುತ್ತಿತ್ತು. ಹೊಸ ಬಿಡಿಭಾಗ ಸಿಗದ ಆ ಕಾಲದಲ್ಲಿ, ಯಾವ ಗಾಡಿಯ ಸಾಮಾನು ಯಾವ ಗಾಡಿಗೆ ಕೂರುತ್ತದೆ ಎಂದು ತಿಳಿದವನೇ ದೊಡ್ಡ ಪಂಡಿತ.

ಆಮೇಲೆ 1948 ಬಂತು. ಪೊಲೀಸ್ ಕಾರ್ಯಾಚರಣೆಯ ಹಿನ್ನೆಲೆಯ ಹಿಂಸೆಯನ್ನು ಪರಿಶೀಲಿಸಿದ ಪಂಡಿತ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಹೆಸರಿಸಿದವುಗಳಲ್ಲಿ ಉಸ್ಮಾನಾಬಾದ್, ಬೀದರ್, ನಾಂದೇಡ್ ಜೊತೆ ಗುಲ್ಬರ್ಗಾವೂ ಇತ್ತು. ಸಂಸ್ಥಾನದ ಪಡೆಗಳು ವಿಸರ್ಜನೆಯಾದವು, 1949ರಲ್ಲಿ ಜಾಗೀರುಗಳು ರದ್ದಾದವು. ಜಾಗೀರು ಹೋದದ್ದಕ್ಕೆ ಅಳಬೇಕಾಗಿಲ್ಲ, ಅದು ಹೋಗಬೇಕಾದದ್ದೇ. ಆದರೆ ಜಾಗೀರಿನ ಬಾಗಿಲಲ್ಲಿ ಕಾವಲಿದ್ದವನ, ಕಚೇರಿಯಲ್ಲಿ ಜವಾನನಾಗಿದ್ದವನ ಮನೆಗೂ ಅನ್ನ ತಪ್ಪಿತು. ಸಾಲದ್ದಕ್ಕೆ, ಅವರು ಕಲಿತಿದ್ದ ಉರ್ದು ಕಚೇರಿಯಲ್ಲಿ ಬೆಲೆ ಕಳೆದುಕೊಂಡಿತು. ಆ ಮನೆಗಳ ಗಂಡುಮಕ್ಕಳು ಸರ್ಟಿಫಿಕೇಟು ಕೇಳದ ಕಸುಬುಗಳ ಕಡೆ ತಿರುಗಿದರು, ಅವುಗಳಲ್ಲಿ ಗ್ಯಾರೇಜೂ ಒಂದು ಎಂಬುದು ನನ್ನ ತಿಳುವಳಿಕೆ. ಕಚೇರಿ ಬಿಟ್ಟುಕೊಟ್ಟ ಉರ್ದು ಪಾನಾ, ಪೇಚ್‌ಕಸ್, ಖರಾದುಗಳ ನಡುವೆ ಉಳಿದುಕೊಂಡಿತು. 2006ರ ಸಾಚಾರ್ ಸಮಿತಿ ವರದಿ ದೇಶದ ಮುಸ್ಲಿಂ ದುಡಿಮೆಗಾರರು ಹೆಚ್ಚಾಗಿ ಕಾಣುವ ಕ್ಷೇತ್ರಗಳನ್ನು ಹೇಳುವಾಗ ರಸ್ತೆ ಸಾರಿಗೆ ಮತ್ತು ವಾಹನ ರಿಪೇರಿಯನ್ನೂ ಸೇರಿಸಿದೆ. ಹಾಗೆಂದು ಇದು ಒಂದೇ ಸಮುದಾಯದ ಕಸುಬಾಗಿರಲಿಲ್ಲ. ಮುರಿದ ಪಾಟಾವನ್ನು ಕುಲುಮೆಯಲ್ಲಿ ಕಾಯಿಸಿ ಬಾಗಿಸಿ ಕೊಡುವವರು ಅನೇಕ ಕಡೆ ಕಮ್ಮಾರ ಮನೆತನದವರು. ಲಾರಿ ಮಾಲೀಕ ಲಿಂಗಾಯತನೋ ಮರಾಠನೋ ಆಗಿರುತ್ತಿದ್ದ. ದಸರೆಯಲ್ಲಿ ಉಸ್ತಾದನ ಶೆಡ್ಡಿನ ಮುಂದೆ ಲಾರಿಗೆ ಪೂಜೆಯಾಗುತ್ತಿತ್ತು, ಬನ್ನಿ ಕೊಡಲು ಬಂದವರಿಗೆ ಅವನ ಮನೆಯ ಚಹಾ ಸಿಗುತ್ತಿತ್ತು.

ಇಂದು ನಾವು ನೋಡುವ ಲಾರಿಯ ಯುಗ ಶುರುವಾದದ್ದು 1954ರಲ್ಲಿ. ಆ ವರ್ಷ ಟೆಲ್ಕೋ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮಶೇದಪುರದಲ್ಲಿ ಲಾರಿ ಕಟ್ಟತೊಡಗಿತು. ಒಪ್ಪಂದ ಮುಗಿದ ಮೇಲೆ, 1969ರಿಂದ, ಬೆಂಜ್ ನಕ್ಷತ್ರದ ಜಾಗದಲ್ಲಿ ಟಾಟಾ ಗುರುತು ಬಂತು. ಮದ್ರಾಸಿನ ಅಶೋಕ್ ಮೋಟರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಹಳೆಯ ಪೆಟ್ರೋಲ್ ಲಾರಿಗಳಿಗೆ ಮದ್ರಾಸಿನ ಸಿಂಪ್ಸನ್ ಕಂಪನಿಯ ಪರ್ಕಿನ್ಸ್ ಡೀಸೆಲ್ ಎಂಜಿನ್ ಕೂರಿಸುವ ಕೆಲಸವೂ ನಡೆಯಿತು. ಡೀಸೆಲ್ ಎಂಜಿನ್ನಿನ ಹೃದಯವೆಂದರೆ ಅದರ ಪಂಪು. ಆ ಪಂಪನ್ನು ಮಾಡಲೆಂದು 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಕೋ ಕಾರ್ಖಾನೆಯ ಹೆಸರು ನಮ್ಮ ಕಡೆ ವಸ್ತುವಿನ ಹೆಸರೇ ಆಗಿಹೋಯಿತು. ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಹಳಬರ ಬಾಯಲ್ಲಿ ಅದು ಮೈಕೋ ಪಂಪೇ.

ಲಾರಿಯ ನಂಬರನ್ನೇ ಇವರು ಓದುತ್ತಿದ್ದರು. ಟಾಟಾ 1613 ಎಂದರೆ ತೂಕ ಸೇರಿ 16 ಟನ್ನಿನ ಗಾಡಿ, 130 ಕುದುರೆ ಶಕ್ತಿ. ಎಂಜಿನ್ 697 ಎಂದರೆ ಆರು ಸಿಲಿಂಡರ್, 97 ಮಿಲಿಮೀಟರ್ ಬೋರು. ರೋಗ ಹಿಡಿಯುವ ಕ್ರಮವೂ ಹೀಗೆಯೇ ಖಚಿತ. ಹೊಗೆ ಕರಿ ಇದ್ದರೆ ಡೀಸೆಲ್ ಹೆಚ್ಚಾಗಿದೆ ಇಲ್ಲವೇ ಗಾಳಿ ಸಾಲುತ್ತಿಲ್ಲ. ಮೊದಲು ಏರ್ ಫಿಲ್ಟರ್ ನೋಡು, ಆಮೇಲೆ ನೋಜಲ್, ಕೊನೆಗೆ ಪಂಪು. ನೀಲಿ ಇದ್ದರೆ ಆಯಿಲ್ ಸುಡುತ್ತಿದೆ, ರಿಂಗು ಸವೆದಿರಬೇಕು. ಬಿಳಿ ಹೊಗೆ ಬಿಡದೆ ಬರುತ್ತಿದ್ದರೆ ಡೀಸೆಲ್ ಸುಡದೆ ಹೊರಬೀಳುತ್ತಿದೆ, ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿ ಸಿಲಿಂಡರಿಗೆ ನೀರು ಇಳಿಯುತ್ತಿದೆ. ಎರಡರಲ್ಲಿ ಯಾವುದು? ರೇಡಿಯೇಟರಿನ ಮುಚ್ಚಳ ತೆಗೆದು ಎಂಜಿನ್ ಓಡಿಸಿದಾಗ ಗುಳ್ಳೆ ಏಳುತ್ತವೆಯೇ ಎಂದು ನೋಡು. ಆಯಿಲ್ ಅಳೆಯುವ ಕಡ್ಡಿಗೆ ಹಾಲು ಬೆರೆಸಿದ ಚಹಾದಂಥ ಬಣ್ಣ ಅಂಟಿದ್ದರೆ ನೀರು ಆಯಿಲ್‌ಗೂ ಸೇರಿದೆ.

ಒಳಗಿನ ಬಡಿತ ಕೇಳಲು ಪೇಚ್‌ಕಸ್ಸಿನ ತುದಿಯನ್ನು ಎಂಜಿನ್ ಬ್ಲಾಕಿಗೆ ಒತ್ತಿ, ಅದರ ಹಿಡಿಯನ್ನು ಕಿವಿಗೆ ಹಚ್ಚುತ್ತಿದ್ದರು. 1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ. ಸ್ಟೆತಾಸ್ಕೋಪ್ ಹುಟ್ಟಿದ್ದು ಹಾಗೆ. ಅವನ ಹೆಸರು ವೈದ್ಯಕೀಯದ ಪುಸ್ತಕಗಳಲ್ಲಿದೆ. ಪೇಚ್‌ಕಸ್ಸನ್ನು ಕಿವಿಗೆ ಹಚ್ಚಿದ ಮೊದಲಿಗ ಯಾರೋ, ಯಾವ ಊರಿನವನೋ!

ಕಾಯಿಲೆ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಸಾಮಾನು ತರುವುದು. ನಮ್ಮ ಗಡಿಯ ಚರಿತ್ರೆ ಸ್ಪಷ್ಟವಾಗಿ ಕಾಣುವುದು ಇಲ್ಲಿಯೇ. ಆಳಂದ, ಅಫಜಲಪುರದವರಿಗೆ ಹತ್ತಿರದ ದೊಡ್ಡ ಪೇಟೆ ಅಕ್ಕಲಕೋಟೆಯ ಮೇಲೆ ಹೋದರೆ ಸಿಗುವ ಸೊಲ್ಲಾಪುರ. 1948ಕ್ಕೆ ಮುಂಚೆ ಆ ಒಂದು ದಾರಿಯಲ್ಲಿ ನಿಜಾಮರ ನೆಲ, ಅಕ್ಕಲಕೋಟೆ ಸಂಸ್ಥಾನ, ಮುಂಬೈ ಪ್ರಾಂತ ಎಂದು ಮೂರು ಆಡಳಿತಗಳನ್ನು ದಾಟಬೇಕಿತ್ತು. ಇಲ್ಲಿ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ, ಅಲ್ಲಿ ಬೇಕಾದದ್ದು ಕಲ್ದಾರ್ ರೂಪಾಯಿ. ಸಂಸ್ಥಾನದೊಳಗೆ ಬರುವ ಸರಕಿಗೆ ಕರೋಡಗಿರಿ ಇಲಾಖೆಯ ಸುಂಕ ಬೇರೆ. 1956ರ ನವೆಂಬರ್ 1ರಂದು ಗುಲ್ಬರ್ಗಾ ಮೈಸೂರು ರಾಜ್ಯಕ್ಕೆ ಸೇರಿತು. ಸೊಲ್ಲಾಪುರ ಮುಂಬೈ ರಾಜ್ಯದಲ್ಲಿ ಉಳಿಯಿತು, ಹೈದರಾಬಾದ್ ಆಂಧ್ರದ ರಾಜಧಾನಿಯಾಯಿತು. ರಾಜಧಾನಿ ಬೆಂಗಳೂರಾದರೂ ಸಾಮಾನಿನ ದಾರಿ ಬದಲಾಗಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳು ನಮ್ಮವರಿಗೆ ಬಲು ದೂರ. ಸೊಲ್ಲಾಪುರ, ಇಲ್ಲವಾದರೆ ಸಿಕಂದರಾಬಾದಿನ ರಾಣಿಗಂಜ್. ರಾಜ್ಯ ದಾಟುವ ಸರಕಿಗೆ ಮಾರಾಟ ತೆರಿಗೆಯ ಕಾಗದಪತ್ರದ ತಾಪತ್ರಯ 2017ರ ಜುಲೈ 1ರಂದು ಜಿಎಸ್‌ಟಿ ಬರುವ ತನಕ ಇತ್ತು.

ಸಾಮಾನು ತರಲು ಹೋಗುವ ಹುಡುಗ ಸವೆದ ಸಾಮಾನನ್ನೇ ಚೀಲದಲ್ಲಿ ಸುತ್ತಿಕೊಂಡು ರಾತ್ರಿ ಬಸ್ಸು ಹತ್ತುತ್ತಿದ್ದ. ಹೆಸರು ಹೇಳಿದರೆ ತಪ್ಪಬಹುದು, ಮಾದರಿ ತೋರಿಸಿದರೆ ತಪ್ಪುವುದಿಲ್ಲ. ಹೌಸಿಂಗಿನ ಕ್ರೌನು-ಪಿನಿಯನ್ ಆದರೆ ಹಲ್ಲು ಎಣಿಸಿಕೊಂಡು ಬರಬೇಕು, ಜೋಡಿಯಾಗಿಯೇ ತರಬೇಕು. ಒಂದು ಹೊಸದು ಒಂದು ಹಳೆಯದು ಹಾಕಿದರೆ ಹೌಸಿಂಗು ಊಳಿಡತೊಡಗಿ, ಕೆಲ ದಿನಕ್ಕೆ ಎರಡೂ ಹೋಗುತ್ತವೆ. ಕ್ರ್ಯಾಂಕ್ ಸವೆದಿದ್ದರೆ ಅದನ್ನು ಗ್ರೈಂಡ್ ಮಾಡಿಸಿ, ಎಷ್ಟು ಸಣ್ಣದಾಯಿತೋ ಅಷ್ಟು ದಪ್ಪದ ಬೇರಿಂಗ್ ಕೇಳಬೇಕು: ಹತ್ತು, ಇಪ್ಪತ್ತು, ಮೂವತ್ತು. ಇವು ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕ. ಸಹಿ ಹಾಕಲು ಹೆಬ್ಬೆಟ್ಟು ಒತ್ತುವವನು ಇಂಚನ್ನು ಸಾವಿರ ಭಾಗ ಮಾಡಿ ಮಾತಾಡುತ್ತಿದ್ದ. ಅಂಗಡಿಯಲ್ಲಿ ಕಂಪನಿ ಮಾಲು, ಲೋಕಲ್, ಡುಪ್ಲಿಕೇಟ್, ಗುಜರಿಯ ಸೆಕೆಂಡ್ ಎಂದು ನಾಲ್ಕು ದರ. ಬಾಗಿಲ ಹಿಡಿಕೆ ಲೋಕಲ್ ಇದ್ದರೆ ಯಾರೂ ಸಾಯುವುದಿಲ್ಲ. ಬ್ರೇಕ್ ಲೈನರ್ ಡುಪ್ಲಿಕೇಟ್ ಹಾಕಿ ಕಂಪನಿ ಮಾಲಿನ ದುಡ್ಡು ತೆಗೆದುಕೊಂಡವರೂ ಇದ್ದರು, ಅದನ್ನು ಮುಚ್ಚಿಡುವುದು ಬೇಡ. ಒಳ್ಳೆಯ ಉಸ್ತಾದ್ ಬಿಚ್ಚಿದ ಹಳೆಯ ಸಾಮಾನನ್ನು ಮಾಲೀಕನ ಮುಂದೆ ಇಟ್ಟು, ಹೊಸದರ ಡಬ್ಬಿಯನ್ನು ಅವನ ಕೈಯಿಂದಲೇ ಒಡೆಸುತ್ತಿದ್ದ.

ಮುಂದೆ ಪೇಟೆ ಹತ್ತಿರ ಬಂತು. ವಿಜಯವಾಡದ ಆಟೋನಗರದ ಹೆಸರು ಮತ್ತು ಮಾದರಿ ದಕ್ಷಿಣದಲ್ಲೆಲ್ಲ ಹರಡಿತು. ಆಳಂದಕ್ಕೆ ಉತ್ತರದ ಬಸವಕಲ್ಯಾಣ ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯ ಬಲದಿಂದ ಲಾರಿಗಳ ಊರೆಂದೇ ಹೆಸರಾಯಿತು, ಅಲ್ಲೂ ಆಟೋನಗರ ಎದ್ದಿತು. ಜೇವರ್ಗಿಯ ನಸೀಬೂ ರಸ್ತೆಯಿಂದಲೇ ತೆರೆಯಿತು. ವಿಜಯಪುರದಿಂದ ಕಲಬುರಗಿ, ಹುಮನಾಬಾದಿಗೆ ಹೋಗುವ ಹೆದ್ದಾರಿ ಈ ಊರನ್ನು ಹಾದುಹೋಗುತ್ತದೆ. ಶಹಾಪುರ, ಸಿಂಧನೂರು, ಬಳ್ಳಾರಿ ಕಡೆಗೆ ಇಳಿದು ಚಾಮರಾಜನಗರದವರೆಗೆ ಹೋಗುವ 150ಎ ಹೆದ್ದಾರಿ ಇಲ್ಲಿಂದಲೇ ಹೊರಡುತ್ತದೆ. ವಾಡಿ, ಸೇಡಂ ಕಡೆಯ ಸಿಮೆಂಟು, ಶಹಾಬಾದಿನ ಪರಸಿ, ಅಫಜಲಪುರ ಮತ್ತು ಆಳಂದ ತಾಲೂಕುಗಳ ಸಕ್ಕರೆ ಕಾರ್ಖಾನೆಗಳಿಗೆ ಹೋಗುವ ಕಬ್ಬು ಈ ಗ್ಯಾರೇಜುಗಳಿಗೆ ಕೆಲಸ ಕೊಟ್ಟವು.

ಈ ವಿದ್ಯೆಯನ್ನು ಹೊಗಳುವಾಗ ಅದರ ಬೆಲೆಯನ್ನೂ ಹೇಳಬೇಕು. ಉಸ್ತಾದನ ಹಿಂದೆ ಒಬ್ಬ ಚೇಲಾ ಇರುತ್ತಿದ್ದ. ಹತ್ತು ಹನ್ನೆರಡರ ಹುಡುಗ. ಮೊದಲ ವರ್ಷ ನಟ್ಟು ತೊಳೆಯುವುದು, ಚಹಾ ತರುವುದು, ಬೈಗುಳ ತಿನ್ನುವುದು. ಅವನ ಓರಗೆಯವರು ಶಾಲೆಯಲ್ಲಿದ್ದರು. 1986ರಲ್ಲಿ ಬಾಲಕಾರ್ಮಿಕ ಕಾಯ್ದೆ ಬಂತು, ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ಬಹುತೇಕ ಪೂರ್ತಿ ನಿಷೇಧಿಸಿದ್ದು 2016ರ ತಿದ್ದುಪಡಿ. ಗ್ಯಾರೇಜಿನಲ್ಲಿ ಕಾಯ್ದೆಯ ಮಾತು ಬಂದರೆ "ಕೈಗೆ ಕಸುಬು ಬರ್ತದಲ್ಲಾ" ಎಂಬ ಉತ್ತರ ಸಿಗುತ್ತಿತ್ತು. ಬಂದದ್ದು ನಿಜ, ಆದರೆ ಅಕ್ಷರ ಬರಲಿಲ್ಲ. ಕಸುಬು ಬದಲಾಗದೆ ಇದ್ದಷ್ಟು ದಿನ ಆ ಕೊರತೆ ಕಾಣಲಿಲ್ಲ.

ಅದು ಕಂಡದ್ದು 2017ರ ಏಪ್ರಿಲ್ 1ರಂದು ದೇಶದಾದ್ಯಂತ ಬಿಎಸ್-4 ಬಂದ ಮೇಲೆ, 2020ರ ಏಪ್ರಿಲ್ 1ರಂದು ಬಿಎಸ್-6 ಬಂದ ಮೇಲೆ. ಗಾಳಿ ಶುದ್ಧವಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಡೀಸೆಲ್ ಹೊಗೆಯನ್ನು ಉಸ್ತಾದನಷ್ಟು ಕುಡಿದವರು ಬೇರೆ ಯಾರು? ಆದರೆ ಪಂಪಿನ ಜಾಗಕ್ಕೆ ಕಾಮನ್ ರೈಲು ಬಂತು, ಡೀಸೆಲ್ಲಿನ ಅಳತೆಯನ್ನು ಕಂಪ್ಯೂಟರು ಹಿಡಿಯಿತು, ಹೊಗೆ ತೊಳೆಯಲು ಯೂರಿಯಾ ದ್ರಾವಣದ ಟಾಕಿ ಬಂತು. ಹಳೆಯ ನೋಜಲ್ 200 ಬಾರ್ ಸುಮಾರಿನ ಒತ್ತಡದಲ್ಲಿ ತೆರೆಯುತ್ತಿತ್ತು. ಹೊಸ ರೈಲಿನೊಳಗೆ ಸಾವಿರ ಬಾರ್‌ಗೂ ಮೀರಿದ ಒತ್ತಡ. ನಲವತ್ತು ವರ್ಷ ಮಾಡಿದಂತೆ ಎಂಜಿನ್ ಓಡುವಾಗ ಪೈಪಿನ ನಟ್ಟು ಸಡಿಲಿಸಿದರೆ ಡೀಸೆಲ್ಲಿನ ಎಳೆ ಚರ್ಮ ಸೀಳಿ ಮೈಯೊಳಗೆ ಹೋಗುತ್ತದೆ, ಕೈಯನ್ನೇ ಕಳೆದುಕೊಳ್ಳಬೇಕಾದೀತು. ಬದುಕು ಕೊಟ್ಟ ಪರೀಕ್ಷೆಯೇ ಈಗ ಅಪಾಯದ ಕೆಲಸವಾಗಿದೆ. ಹೊಗೆಗೂ ಮೊದಲಿನ ಬಣ್ಣವಿಲ್ಲ. ಸ್ಕ್ಯಾನರ್ ತೋರಿಸುವ ಕೋಡು ಇಂಗ್ಲಿಷಿನಲ್ಲಿದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಅನುಭವದಿಂದ ಕಲಿತವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇದೆ. ಪ್ರಮಾಣಪತ್ರ ಸಿಕ್ಕ ಮಾತ್ರಕ್ಕೆ ಕೋಡು ಓದಲು ಬರುವುದಿಲ್ಲ. ಅವರಿಗೆ ಬೇಕಾಗಿರುವುದು ಕನ್ನಡದಲ್ಲೋ ಉರ್ದುವಿನಲ್ಲೋ ಹೊಸ ಎಂಜಿನ್ನಿನ ಪಾಠ, ಅದೂ ತಾಲೂಕಿನಲ್ಲಿಯೇ.

ಕೋಡು ಎಲ್ಲವನ್ನೂ ಹೇಳುವುದೂ ಇಲ್ಲ. ರೈಲಿನ ಒತ್ತಡ ಕಡಿಮೆ ಎಂದಷ್ಟೇ ತೋರಿಸುತ್ತದೆ. ಫಿಲ್ಟರ್ ಕಟ್ಟಿದೆಯೋ, ಇಂಜೆಕ್ಟರ್ ಸೋರುತ್ತಿದೆಯೋ, ಪಂಪು ಸವೆದಿದೆಯೋ, ಟಾಕಿಯಿಂದ ಡೀಸೆಲ್ ಎಳೆಯುವ ಪೈಪಿನಲ್ಲಿ ಗಾಳಿ ಸೇರಿದೆಯೋ ಎಂಬುದನ್ನು ಯಾರಾದರೂ ಹುಡುಕಲೇಬೇಕು. ದೊಡ್ಡ ಮೊತ್ತ ಸುರಿದು ಪಂಪು ಬದಲಿಸಿದ ಮೇಲೂ ಅದೇ ಕೋಡು ತೋರಿಸುವ ಗಾಡಿಗಳಿವೆ. ಹಳಬನಾದರೆ ಎಂಜಿನ್ ಬಂದ್ ಮಾಡಿಸಿ, ಟಾಕಿಯ ಕಡೆಯ ಪೈಪಿಗೆ ಒಂದು ತುಂಡು ಪಾರದರ್ಶಕ ನಳಿಕೆ ಸಿಕ್ಕಿಸಿ, ಮತ್ತೆ ಚಾಲೂ ಮಾಡಿಸಿ ಗುಳ್ಳೆ ಬರುತ್ತವೆಯೇ ಎಂದು ಬಗ್ಗಿ ನೋಡುತ್ತಾನೆ. ಬಂದರೆ, ಹುಡುಗನಿಗೆ ಹೇಳುತ್ತಾನೆ: "ವಾಷರ್ ತಗೊಂಡು ಬಾ."