ಎಂಟು ಕಿಲೋ ಉಪ್ಪಿನೊಳಗಿನ ಚಿಟಿಕೆ

ಮಾಧ್ಯಮಿಕ ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಮಿಶ್ರಣಗಳನ್ನು ಬೇರ್ಪಡಿಸುವ ಪಾಠವೊಂದಿರುತ್ತದೆ. ಕೇರುವುದು, ಜರಡಿ ಹಿಡಿಯುವುದು, ಸೋಸುವುದು, ತಿಳಿ ಬಸಿಯುವುದು, ಹರಳುಗಟ್ಟಿಸುವುದು. ಮಕ್ಕಳು ಇದನ್ನು ಬಾಯಿಪಾಠ ಮಾಡುವಾಗ ನನಗೆ ನಗು ಬರುತ್ತದೆ. ಇದೆಲ್ಲ ನಮ್ಮ ಅಡುಗೆಮನೆಯ ದಿನಚರಿಯೇ ಅಲ್ಲವೆ? ಮೊರ ಹಿಡಿದ ನಮ್ಮನ್ನು ಯಾರೂ ವಿಜ್ಞಾನಿಗಳೆಂದು ಕರೆಯಲಿಲ್ಲ, ಆ ಮಾತು ಬೇರೆ. ಆದರೆ ಪಟ್ಟಿಯ ಕೊನೆಯಲ್ಲಿ ಬರುವ ಹರಳುಗಟ್ಟಿಸುವ ಕೆಲಸವನ್ನೇ ವರ್ಷಗಟ್ಟಲೆ ಮಾಡಿ ಒಬ್ಬ ಹೆಂಗಸು ಜಗತ್ತಿನ ಪಂಡಿತರನ್ನು ಒಪ್ಪಿಸಿದಳು. ಮೇರಿ ಕ್ಯೂರಿಯ ಹೆಸರು ಎಲ್ಲರಿಗೂ ಗೊತ್ತು. ಆಕೆ ಮಾಡಿದ್ದೇನು ಎಂದರೆ ಮಾತ್ರ ‘ರೇಡಿಯಂ ಕಂಡುಹಿಡಿದಳು’ ಎಂದು ಮುಗಿಸಿಬಿಡುತ್ತೇವೆ.

ಕಂಡುಹಿಡಿದದ್ದು 1898ರಲ್ಲಿ, ಪ್ಯಾರಿಸ್ಸಿನಲ್ಲಿ. ಪಿಚ್‌ಬ್ಲೆಂಡ್ ಎಂಬ ಕಪ್ಪು ಅದಿರಿನಲ್ಲಿ ಯುರೇನಿಯಂ ಇರುವುದು ಮೊದಲೇ ತಿಳಿದಿತ್ತು. ಅದು ಹೊಮ್ಮಿಸುವ ಕಿರಣಗಳು ಮಾತ್ರ ಯುರೇನಿಯಂನ ಲೆಕ್ಕಕ್ಕೆ ಮೀರಿದ್ದವು. ಒಳಗೆ ಇನ್ನೇನೋ ಇದೆ ಎಂದು ಮೇರಿ ಊಹಿಸಿದಳು. ಜುಲೈನಲ್ಲಿ ಪೊಲೋನಿಯಂ, ಡಿಸೆಂಬರಿನಲ್ಲಿ ರೇಡಿಯಂ ಎಂಬ ಹೊಸ ಧಾತುಗಳನ್ನು ಆಕೆ ಮತ್ತು ಪತಿ ಪಿಯರ್ ಸಾರಿದರು. ಆ ಬೇಸಿಗೆಯಲ್ಲೇ ಆಕೆ ಗೂಸ್‌ಬೆರಿ ಹಣ್ಣಿನ ಜೆಲ್ಲಿ ಮಾಡಿ, ಎಷ್ಟು ಹಣ್ಣು, ಎಷ್ಟು ಸಕ್ಕರೆ, ಎಷ್ಟು ಹೊತ್ತು ಕುದಿಸಿ ಸೋಸಿದ್ದು ಎಂದು ಅಡುಗೆ ಪುಸ್ತಕದ ಅಂಚಿನಲ್ಲಿ ಬರೆದಿಟ್ಟಳೆಂದು ಮಗಳು ಈವ್ ಬರೆದ ಜೀವನಚರಿತ್ರೆಯಲ್ಲಿದೆ. ಆ ಪುಸ್ತಕದಲ್ಲಿ ನನಗೆ ಅತಿ ಹತ್ತಿರವಾದ ಜಾಗ ಅದು.

ರಸಾಯನಶಾಸ್ತ್ರಜ್ಞರು ಸುಲಭಕ್ಕೆ ಒಪ್ಪಲಿಲ್ಲ. ಹೊಸ ಧಾತು ಎಂದರೆ ಕಣ್ಣಿಗೆ ಕಾಣಬೇಕು, ತಕ್ಕಡಿಗೆ ಸಿಗಬೇಕು, ಅದರ ಪರಮಾಣು ತೂಕ ಹೇಳಬೇಕು. ಅದಿರು ಕೊಳ್ಳಲು ದುಡ್ಡೆಲ್ಲಿ? ಆಗ ಆಸ್ಟ್ರಿಯಾಕ್ಕೆ ಸೇರಿದ್ದ ಯೋಆಖಿಮ್‌ಸ್ಟಾಲ್ ಗಣಿಯಲ್ಲಿ ಯುರೇನಿಯಂ ತೆಗೆದು ಬಿಸಾಡಿದ ಚರಟ ಪೈನ್ ಮರಗಳ ಕೆಳಗೆ ಬಿದ್ದಿತ್ತು. ಅದನ್ನು ತರಿಸಿಕೊಂಡರು. ಮೂಟೆ ಬಿಚ್ಚಿದಾಗ ಮಣ್ಣಿನ ಜೊತೆ ಪೈನ್ ಎಲೆಗಳೂ ಇದ್ದವು.

ಕೆಲಸದ ಜಾಗ, ಹಿಂದೆ ವೈದ್ಯ ವಿದ್ಯಾರ್ಥಿಗಳು ಹೆಣ ಕೊಯ್ಯುತ್ತಿದ್ದ, ಮಳೆಗೆ ಸೋರುವ ಗಾಜಿನ ಮಾಡಿನ ಒಂದು ಶೆಡ್ಡು. ಒಂದು ಸಲಕ್ಕೆ 20 ಕಿಲೋವರೆಗೆ ಕುದಿಸಿ, ತನ್ನಷ್ಟೇ ಎತ್ತರದ ಕಬ್ಬಿಣದ ಸಲಾಕೆಯಿಂದ ದಿನವಿಡೀ ಕದಡುವುದು. ಮುಂದೆ ದೊಡ್ಡ ಪ್ರಮಾಣದ ಕೆಲಸವನ್ನು ಕಾರ್ಖಾನೆಗೆ ಕೊಟ್ಟರು. ಒಂದು ಟನ್ ಚರಟವನ್ನು ಆಮ್ಲ, ಕ್ಷಾರಗಳಲ್ಲಿ ಬೇಯಿಸಿ ತೊಳೆದ ಮೇಲೆ ಉಳಿಯುತ್ತಿದ್ದುದು ಸುಮಾರು 8 ಕಿಲೋ ಬೇರಿಯಂ ಕ್ಲೋರೈಡ್ ಉಪ್ಪು, ಅದರೊಳಗೆಲ್ಲೋ ರೇಡಿಯಂ.

ಅಸಲು ಕಷ್ಟ ಶುರುವಾಗುವುದು ಇಲ್ಲಿಂದ. ಬೇರಿಯಂ ಮತ್ತು ರೇಡಿಯಂ ರಸಾಯನದ ಅವಳಿ ಮಕ್ಕಳಿದ್ದಂತೆ. ಏನು ಬೆರೆಸಿದರೂ ಒಟ್ಟಿಗೇ ಕರಗುತ್ತವೆ, ಒಟ್ಟಿಗೇ ಕೆಳಗೆ ಕೂರುತ್ತವೆ. ಒಂದೇ ಒಂದು ಸಣ್ಣ ವ್ಯತ್ಯಾಸವೆಂದರೆ ರೇಡಿಯಂ ಕ್ಲೋರೈಡ್ ನೀರಿನಲ್ಲಿ ತುಸು ಕಡಿಮೆ ಕರಗುತ್ತದೆ. ಹಾಗಾಗಿ ಬಿಸಿನೀರಿನಲ್ಲಿ ಕರಗಿಸಿ ಆರಲು ಬಿಟ್ಟರೆ, ಕಲ್ಲುಸಕ್ಕರೆ ಕಟ್ಟಿದ ಹಾಗೆ ಹರಳು ಕಟ್ಟುವಾಗ ಅದರಲ್ಲಿ ರೇಡಿಯಂ ಪಾಲು ಕೊಂಚ ಹೆಚ್ಚು. ಮೇಲಿನ ತಿಳಿ ಬಸಿದು, ಹರಳನ್ನು ಮತ್ತೆ ಕರಗಿಸಬೇಕು, ಮತ್ತೆ ಆರಿಸಬೇಕು. ಬಸಿದ ತಿಳಿಯನ್ನೂ ಚೆಲ್ಲುವಂತಿಲ್ಲ, ಅದರಲ್ಲೂ ಒಂದಿಷ್ಟು ಉಳಿದಿರುತ್ತದೆ. ಹೀಗೆ ಲೆಕ್ಕವಿಲ್ಲದಷ್ಟು ಸಲ. ಹರಳು ಶುದ್ಧವಾಗುತ್ತ ಬಂದಂತೆ ಶೆಡ್ಡಿನ ಕಲ್ಲಿದ್ದಲ ಧೂಳು ಬಂದು ಕೂತು ಕೆಡಿಸುತ್ತಿತ್ತು. ಕಸ ಹೊಡೆದ ಮನೆಗೆ ಮತ್ತೆ ಕಸ ಬಿದ್ದಾಗಿನ ಸಂಕಟ ನಮಗೆ ಗೊತ್ತಿದೆಯಲ್ಲ!

ಒಮ್ಮೊಮ್ಮೆ ಪುಟ್ಟ ಮಗಳು ಐರೀನಳನ್ನು ಮಲಗಿಸಿ ಗಂಡ ಹೆಂಡತಿ ರಾತ್ರಿ ಶೆಡ್ಡಿಗೆ ಹೋಗುತ್ತಿದ್ದರು. ಕತ್ತಲಲ್ಲಿ ಬಾಟಲಿಗಳು ಮಂದವಾಗಿ ಹೊಳೆಯುತ್ತಿದ್ದವು. ಆ ಹೊಳಪು ದೇಹಕ್ಕೆ ಏನೆಲ್ಲ ಮಾಡುತ್ತದೆಂದು ಆಗ ಯಾರೂ ಪೂರ್ತಿ ಅರಿತಿರಲಿಲ್ಲ. 1934ರಲ್ಲಿ ರಕ್ತ ಕಟ್ಟದ ಕಾಯಿಲೆಯಿಂದ, ಮೂಳೆಯ ಮಜ್ಜೆ ಸೋತು ಆಕೆ ತೀರಿಕೊಂಡಳು.

1902ರಲ್ಲಿ ಆಕೆಯ ಕೈಗೆ ಬಂದದ್ದು ಒಂದು ಗ್ರಾಮಿನ ಹತ್ತನೇ ಒಂದು ಭಾಗ ರೇಡಿಯಂ ಕ್ಲೋರೈಡ್. ಪರಮಾಣು ತೂಕ 225 ಎಂದಳು. ಇಂದಿನ ಲೆಕ್ಕ 226. ಸೋರುವ ಶೆಡ್ಡಿನಲ್ಲಿ ತೂಗಿದ್ದಕ್ಕೆ ಎಷ್ಟು ಸರಿ ನೋಡಿ. ಮರುವರ್ಷ ನೊಬೆಲ್ ಬಹುಮಾನಕ್ಕೆ ಫ್ರಾನ್ಸಿನಿಂದ ಹೋದ ಸೂಚನೆಯಲ್ಲಿ ಬೆಕೆರಲ್ ಮತ್ತು ಪಿಯರ್ ಹೆಸರುಗಳಷ್ಟೇ ಇದ್ದವು. ವಿಷಯ ತಿಳಿದ ಪಿಯರ್ ಪತ್ರ ಬರೆದದ್ದರಿಂದ ಮೇರಿಯೂ ಸೇರಿದಳು. ಕಬ್ಬಿಣದ ಸಲಾಕೆ ತಿರುವಿದವಳು ಯಾರೆಂದು ಗಂಡನಾದರೂ ಹೇಳಿದ, ಪುಣ್ಯ.

ರೇಡಿಯಂ ಬೇರ್ಪಡಿಸುವ ವಿಧಾನಕ್ಕೆ ದಂಪತಿಗಳು ಪೇಟೆಂಟ್ ಪಡೆಯಲಿಲ್ಲ, ಕೇಳಿದವರಿಗೆಲ್ಲ ಹೇಳಿಕೊಟ್ಟರು. ಕಾರ್ಖಾನೆಗಳು ಬೆಳೆದವು, ಬೆಲೆಯೂ ಬೆಳೆಯಿತು. 1920ರ ಹೊತ್ತಿಗೆ ಗ್ರಾಮಿಗೆ ಒಂದು ಲಕ್ಷ ಡಾಲರ್; ತನ್ನ ಸಂಶೋಧನೆಗೆ ಇನ್ನೊಂದು ಗ್ರಾಂ ಕೊಳ್ಳಲು ಮೇರಿಗೇ ಶಕ್ತಿಯಿರಲಿಲ್ಲ. ಅಮೆರಿಕದ ಮಹಿಳೆಯರು ಚಂದಾ ಎತ್ತಿ ಆ ಹಣ ಕೂಡಿಸಿದರು. 1921ರ ಮೇ ತಿಂಗಳಲ್ಲಿ ಅಧ್ಯಕ್ಷ ಹಾರ್ಡಿಂಗ್ ಕೈಯಿಂದ ಕಾಣಿಕೆ ಸಲ್ಲಬೇಕಿತ್ತು. ಹಿಂದಿನ ಸಂಜೆ ದಾನಪತ್ರ ಓದಿದ ಮೇರಿ, ಇದು ತನ್ನ ಹೆಸರಿಗಿರಬಾರದು, ಪ್ರಯೋಗಾಲಯಕ್ಕೆ ಸೇರಬೇಕು ಎಂದಳು. ನಾಳೆ ನೋಡೋಣವೆಂದರೂ ಕೇಳಲಿಲ್ಲ. ಆ ರಾತ್ರಿಯೇ ವಕೀಲರನ್ನು ಕರೆಸಿ ಪತ್ರ ತಿದ್ದಿಸಿದಳು.