ಬಂಡೆಯ ಮೇಲಿನ ಮೊದಲ ಪಾಠ



ಶಾಲೆ ತೆರೆಯುವ ಕಾಲ ಬಂತೆಂದರೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಭಕ್ತರು ಮಕ್ಕಳ ಕೈಹಿಡಿದು ಮಠಕ್ಕೆ ಬರುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳು ಹಿಡಿದು ನಾವು ಓಂಕಾರ ಬರೆಸುತ್ತೇವೆ. ಆಗ ತಂದೆತಾಯಿಗಳ ಮುಖದಲ್ಲಿ ಒಂದು ನಿಶ್ಚಿಂತೆ ಕಾಣುತ್ತದೆ. "ಇನ್ನು ಮೇಷ್ಟ್ರಿದ್ದಾರೆ ಬುದ್ಧೀ, ಅವರು ನೋಡ್ಕೊಳ್ತಾರೆ" ಎನ್ನುತ್ತಾರೆ. ಬಹುಕಾಲ ನಾವೂ ಹಾಗೆಯೇ ಭಾವಿಸಿದ್ದೆವು.

ಒಮ್ಮೆ ಒಬ್ಬ ನೇಕಾರ ಭಕ್ತರು, ಹಿಂದಿನ ವರ್ಷ ಅಕ್ಷರಾಭ್ಯಾಸ ಮಾಡಿಸಿದ್ದ ಮಗನನ್ನು ಮತ್ತೆ ಕರೆತಂದರು. "ಬುದ್ಧೀ, ಒಂದನೇ ಕ್ಲಾಸು ಮುಗೀತು. ಹುಡುಗನಿಗೆ ಅಕ್ಷರ ಹತ್ತಲಿಲ್ಲ. ನಾನು ಓದಿದವನಲ್ಲ, ಅವನಿಗೆ ಏನಂತ ಹೇಳಿಕೊಡಲಿ? ಮಗ್ಗದ ಕೆಲಸಕ್ಕೇ ಹಚ್ಚಿಬಿಡಲೇ?" ಎಂದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಅಂದು ನಾವು ಒಳ್ಳೆಯದಾಗಲಿ ಎಂದು ಹರಸಿ ಕಳಿಸಿದೆವು. ಅದು ಆಶೀರ್ವಾದವಾಯಿತೇ ಹೊರತು ಉತ್ತರವಾಗಲಿಲ್ಲ. ಆ ಉತ್ತರದ ಸಾಲ ನಮ್ಮ ಮೇಲೆ ಉಳಿದಿದೆ. ಇಂದು ಅದನ್ನು ತೀರಿಸಬೇಕೆಂದು ಈ ಮಾತು ಎತ್ತಿಕೊಂಡಿದ್ದೇವೆ.

ಉತ್ತರಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದವು. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಕನ್ನಡ ನಾಡಿನ ಅತ್ಯಂತ ಹಳೆಯ ಬರಹಗಳಲ್ಲಿ ಇವು ಸೇರಿವೆ. ದೊರೆಯ ಮಾತೆಂದರೆ ಕಂದಾಯದ ಮಾತು, ದಂಡಿನ ಮಾತು ಎಂದು ನಾವು ತಿಳಿಯುತ್ತೇವೆ. ಈ ಬಂಡೆ ಹೇಳುವುದು ಬೇರೆ. ತಾಯಿತಂದೆಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ಆಡಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕಂತೆ ನಡೆಯಬೇಕು: ಇದು ಅದರ ಸಾರ. ಒಂದೇ ಉಪದೇಶದಲ್ಲಿ ತಾಯಿತಂದೆಯರೂ ಇದ್ದಾರೆ, ಗುರುವೂ ಇದ್ದಾನೆ. ಮನೆ ಬೇರೆ, ಶಾಲೆ ಬೇರೆ ಎಂದು ಅದು ಗೆರೆ ಎಳೆಯಲಿಲ್ಲ. ನಮ್ಮ ಸೀಮೆಗೆ ಸಿಕ್ಕ ಮೊದಲ ಲಿಖಿತ ಪಾಠವೇ ಇದು.

ಆ ಬರಹವನ್ನು ಬರೆದವನ ಹೆಸರೂ ಬಂಡೆಯ ಮೇಲಿದೆ. ಅವನು ಚಪಡ. ಕೊನೆಯಲ್ಲಿ ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದ. ಅದು ಭಾರತದ ವಾಯವ್ಯ ದಿಕ್ಕಿನ, ಬಲದಿಂದ ಎಡಕ್ಕೆ ಸಾಗುವ ಲಿಪಿ. ಆದ್ದರಿಂದ ಅವನು ಆ ಕಡೆಯಿಂದ ಬಂದವನಿರಬೇಕೆಂದು ವಿದ್ವಾಂಸರ ಊಹೆ. ಇಲ್ಲಿನ ಜನಕ್ಕಾಗಿ ಒಂದು ಲಿಪಿ, ತನ್ನ ಗುರುತಿಗೆ ಇನ್ನೊಂದು. ಎರಡೂ ಒಂದೇ ಕೈಯಲ್ಲಿ ಬಾಳಿದವು. ಈ ಚಪಡನನ್ನು ನೆನಪಿನಲ್ಲಿಡಿ. ಮುಂದೆ ಅವನು ನಮಗೆ ಬೇಕಾಗುತ್ತಾನೆ.

ಅಲ್ಲಿಂದ ನಮ್ಮ ಹಿರಿಯರ ಕಾಲಕ್ಕೆ ಬರೋಣ. ಆಗಿನ ಊರಶಾಲೆಗೆ ಕೂಲಿಮಠವೆಂದು ಹೆಸರು. ಮಗು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿತ್ತು. ಅಕ್ಷರ ಕೂಡಿದ ಮೇಲೆ ಕಡತಕ್ಕೆ ಏರುತ್ತಿತ್ತು. ಹುಣಿಸೆಬೀಜದ ಅಂಟು, ಇದ್ದಿಲಪುಡಿ ಬಳಿದ ಕಪ್ಪು ಬಟ್ಟೆಯೇ ಕಡತ. ಅದರ ಮೇಲೆ ಬಳಪದ ಬರಹ. ಸಂಜೆ ಮಕ್ಕಳು ಮಗ್ಗಿಯನ್ನು ಗಟ್ಟಿಯಾಗಿ ಒಪ್ಪಿಸುವಾಗ ಬೀದಿಯೆಲ್ಲ ಕೇಳುತ್ತಿತ್ತು. ಓದಲು ಬಾರದ ತಾಯಿಯೂ ಒಲೆಯ ಮುಂದೆ ಕುಳಿತು ಕೇಳುತ್ತಿದ್ದಳು. ಹಳೆಯದೆಲ್ಲ ಹೊನ್ನು ಎಂದು ನಾವು ಹೇಳುತ್ತಿಲ್ಲ. ಅಲ್ಲಿ ಕೋದಂಡದಂಥ ಕ್ರೂರ ಶಿಕ್ಷೆಗಳಿದ್ದವು. ಹೆಣ್ಣುಮಕ್ಕಳಿಗೂ ಎಷ್ಟೋ ಜಾತಿಗಳ ಮಕ್ಕಳಿಗೂ ಆ ಬಾಗಿಲು ಮುಚ್ಚಿತ್ತು. ಮಠವೆಂಬ ಹೆಸರು ಹೊತ್ತ ಶಾಲೆ ಹಾಗಿತ್ತಲ್ಲ ಎಂದು ಮಠದಲ್ಲಿ ಕುಳಿತ ನಾವು ನಾಚಬೇಕು.

ಆ ಬಾಗಿಲು ತೆರೆಯುವ ಕೆಲಸಕ್ಕೆ ಕೈಹಾಕಿದವರಲ್ಲಿ ಬಿ. ಎಲ್. ರೈಸ್ ಒಬ್ಬರು. ಬೆಂಗಳೂರಿನಲ್ಲಿ ಹುಟ್ಟಿದ ಈ ಆಂಗ್ಲರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಅಧಿಕಾರಿಯಾಗಿದ್ದರು. ಹೋಬಳಿಗೊಂದು ಶಾಲೆ ಎಂಬ 1868ರ ಯೋಜನೆ ಅವರದು. ಅದೇ ರೈಸ್ ಅವರೇ 1892ರಲ್ಲಿ ಬ್ರಹ್ಮಗಿರಿ ಸೀಮೆಯ ಶಾಸನಗಳನ್ನು ಬೆಳಕಿಗೆ ತಂದರು. ಹಳ್ಳಿಗೆ ಶಾಲೆ ತಂದವರ ಕೈಯಿಂದಲೇ ಹಳ್ಳಿಯ ಹಳೆಯ ಪಾಠವೂ ಹೊರಬಂದದ್ದು ಎಂಥ ಯೋಗಾಯೋಗ! ಆಮೇಲೆ ಒಂದೊಂದೇ ಕಾನೂನು ಬಂತು. 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕೆಂಬ ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು.

ಕಲಿಸುವ ರೀತಿಯೂ ಬದಲಾಯಿತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಪದ್ಧತಿ ಮೊದಲಾಯಿತು. ಆಂಧ್ರದ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿ ಸಂಸ್ಥೆಯವರು ಹಳ್ಳಿಶಾಲೆಗಳಲ್ಲಿ ನಡೆಸಿದ ಪ್ರಯೋಗವೇ ಅದಕ್ಕೆ ಮಾದರಿ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಬಂತು. ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕುಳಿತು ಕಾರ್ಡುಗಳಿಂದ ಕಲಿಯತೊಡಗಿದರು. ಪ್ರತಿ ಮಗುವೂ ತನ್ನ ನಡಿಗೆಯಲ್ಲಿ ಏಣಿಯ ಮೆಟ್ಟಿಲು ಏರಬೇಕು. ಅಲ್ಲಿ ಮೊದಲು ಬಂದ ಅಕ್ಷರಗಳು ಅ ಆ ಇ ಈ ಅಲ್ಲ. ರ ಗ ಸ ದ ಅ. "ಮೇಷ್ಟ್ರಿಗೇ ವರ್ಣಮಾಲೆ ಬರೋದಿಲ್ಲವೇ?" ಎಂದು ಕೇಳಿದ ತಾಯಂದಿರನ್ನು ನಾವು ಕಂಡಿದ್ದೇವೆ. ಆ ಐದು ಅಕ್ಷರಗಳಲ್ಲೇ ಅರ, ಗರಗಸ, ದರ, ಸರ, ಅಗಸ ಎಂಬ ಮಾತುಗಳು ಹುಟ್ಟುತ್ತವೆ. ಅಕ್ಷರ ಕೂಡಿ ಮಾತಾಗುವ ಸುಖವನ್ನು ಮಗು ಬೇಗ ಕಾಣಲಿ ಎಂಬುದೇ ಅದರ ಗುಟ್ಟು.

ಈಗ ನೇಕಾರ ಭಕ್ತರ ಪ್ರಶ್ನೆಗೆ ಬರೋಣ. ಓದದ ತಂದೆತಾಯಿ ಏನು ಮಾಡಬಲ್ಲರು? ನಾಲ್ಕು ಮಾತು ಹೇಳುತ್ತೇವೆ.

ಮೊದಲನೆಯದು, ಶಾಲೆ ತಪ್ಪಿಸಬೇಡಿ. ಶೇಂಗಾ ಕೀಳುವಾಗ, ಕುರಿಮಂದೆ ಹೊರಡುವಾಗ, ಮದುವೆ ಜಾತ್ರೆಗೆ ಹೋಗುವಾಗ, ಚಿಕ್ಕ ಕ್ಲಾಸು ತಾನೆ ಎಂದು ಮಗುವನ್ನು ಜೊತೆಗೆ ಕರೆದೊಯ್ಯುತ್ತೀರಿ. ಮಗ್ಗದಲ್ಲಿ ಹತ್ತು ಎಳೆ ಕಡಿದರೆ ನೀವು ಹಾಗೆಯೇ ನೇಯುತ್ತೀರಾ? ನಿಲ್ಲಿಸಿ ಗಂಟು ಹಾಕುತ್ತೀರಿ. ಒಂದನೆಯ ತರಗತಿಯಲ್ಲಿ ಕಡಿದ ಎಳೆ ನಾಲ್ಕನೆಯದರಲ್ಲಿ ತೂತಾಗಿ ಕಾಣುತ್ತದೆ. ಹೋಗಲೇಬೇಕಾದರೆ ಮೇಷ್ಟ್ರಿಗೆ ತಿಳಿಸಿ, ಬಂದ ಮೇಲೆ ಎಲ್ಲಿ ಬಿಟ್ಟಿತೆಂದು ಕೇಳಿ.

ಎರಡನೆಯದು, ಮಗುವಿನೊಡನೆ ಮಾತಾಡಿ. ಅಕ್ಷರವೆಂಬುದು ಮಾತಿನ ಬಟ್ಟೆ. ಮಾತೇ ಇಲ್ಲದವನಿಗೆ ಬಟ್ಟೆ ಯಾರಿಗೆ ತೊಡಿಸುವುದು? ಕಥೆ ಹೇಳಿ, ಒಗಟು ಒಡ್ಡಿ. ಶೇಂಗಾ ಬಿಡಿಸುವಾಗ ಹತ್ತರ ಗುಡ್ಡೆ ಮಾಡಿಸಿ ಎಣಿಸಿ. ಕಂಡಿಕೆಗಳನ್ನು ಬಣ್ಣದಂತೆ ಬೇರೆ ಮಾಡಿಸಿ. ಇದು ಆಟವಾಗಿರಲಿ, ದುಡಿಮೆಯಾಗಬಾರದು. ಈ ಗಡಿಯಲ್ಲಿ ಮನೆಮಾತು ತೆಲುಗಾಗಿರುವ ಸಂಸಾರಗಳು ಬಹಳ. ಅವರು ಅಂಜಬೇಕಾಗಿಲ್ಲ. ತೆಲುಗಿನಲ್ಲೇ ಕಥೆ ಹೇಳಿರಿ. ಶಾಲೆಯ ಕನ್ನಡ ಅದರ ಪಕ್ಕದಲ್ಲಿ ಬೆಳೆಯುತ್ತದೆ. ಚಪಡನ ಕೈಯಲ್ಲಿ ಎರಡು ಲಿಪಿ ಬಾಳಲಿಲ್ಲವೇ?

ಮೂರನೆಯದು, ದಿನಕ್ಕೆ ಅರ್ಧ ಗಳಿಗೆ ಪಕ್ಕದಲ್ಲಿ ಕುಳಿತು ಕೇಳಿ. "ಇವತ್ತು ಏನು ಕಲಿತೆ, ನನಗೂ ಹೇಳಿಕೊಡು" ಎನ್ನಿ. ನಿಮಗೆ ಬಾರದೆಂಬುದೇ ಇಲ್ಲಿ ಅನುಕೂಲ. ಅಪ್ಪನಿಗೆ ಕಲಿಸುವ ಮಗು ತಾನು ಎರಡು ಸಲ ಕಲಿಯುತ್ತದೆ.

ನಾಲ್ಕನೆಯದು, ಹೋಲಿಸಬೇಡಿ, ಹೊಡೆಯಬೇಡಿ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಸೇರಿದರೆ ಕಲಿಯಬೇಕಾದ ರೂಪಗಳು ನೂರಾರು. ಅವೆಲ್ಲ ಕೈವಶವಾಗಲು ಮೂರು ನಾಲ್ಕು ವರ್ಷ ಬೇಕು. ಒಂದು ವರ್ಷಕ್ಕೆ ಹತ್ತಲಿಲ್ಲವೆಂದು ದಡ್ಡನೆಂದು ಕರೆದರೆ, ಆ ಹೆಸರನ್ನು ಮಗು ಅಕ್ಷರಕ್ಕಿಂತ ಬೇಗ ಕಲಿಯುತ್ತದೆ. ಆದರೆ ಸುಮ್ಮನೆ ಕಾಯಲೂಬೇಡಿ. ಕಣ್ಣು ಕಾಣುತ್ತದೆಯೇ, ಕಿವಿ ಕೇಳುತ್ತದೆಯೇ ಎಂದು ತೋರಿಸಿ, ಮೇಷ್ಟ್ರ ಬಳಿ ಕುಳಿತು ಮಾತಾಡಿ.

ಶಾಲೆ ಹೊಕ್ಕು, ಮನೆ ಹಾಸು. ಹಾಸಿಲ್ಲದೆ ಲಾಳಿ ಎಷ್ಟು ಓಡಿದರೂ ಸೀರೆಯಾಗದು. ಇದು ನಿಮಗೆ ನಾವು ಹೇಳಿಕೊಡಬೇಕಾದ ವಿದ್ಯೆಯಲ್ಲ.

ಬಂಡೆಯ ಮಾತು ಹಳತಾಗಿಲ್ಲ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕನ್ನಡದ ಗುರುಗಳಾಗಿದ್ದರು, 1939ರಲ್ಲಿ ತೀರಿಕೊಂಡರು. ಅವರ ಶಿಷ್ಯ ಕುವೆಂಪು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದ್ದು ಆ ಗುರುವಿಗೇ. ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ಮಾತಿಗೆ ಈ ಸೀಮೆ ಪಡೆದ ಭಾಗ್ಯವಿದು. ಆ ಗುರುವೂ ಆ ಶಿಷ್ಯನೂ ಒಂದು ದಿನ ಮೊದಲ ಅಕ್ಷರವನ್ನು ತಡವರಿಸಿ ಬರೆದವರೇ.

ಆ ನೇಕಾರ ಭಕ್ತರು ಇಂದು ಈ ಸಭೆಯಲ್ಲಿದ್ದರೆ ಕೇಳಲಿ: ಮಗನನ್ನು ಮಗ್ಗಕ್ಕೆ ಹಚ್ಚಬೇಡಿ, ಮಗ್ಗದ ಪಕ್ಕದಲ್ಲಿ ಕೂರಿಸಿಕೊಂಡು ಅವನ ಪಾಠ ಕೇಳಿ. ಮುಂದಿನ ಸಲ ಅಕ್ಕಿಯ ತಟ್ಟೆ ಹಿಡಿದು ಬಂದಾಗ ಓಂಕಾರ ಬರೆಸುವ ಮೊದಲು ಈ ನಾಲ್ಕು ಮಾತನ್ನು ನಡೆಸುವಿರೆಂದು ನಿಮ್ಮಿಂದ ಮಾತು ತೆಗೆದುಕೊಳ್ಳುತ್ತೇವೆ. ಎಲ್ಲರ ಮಕ್ಕಳಿಗೂ ಅಕ್ಷರ ಒಲಿಯಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.