ಬೀದರ ನಾಡಿನ ಜ್ಞಾನದಾಸೋಹ

ವಿದ್ಯೆಯು ಸಂಗ್ರಹದಿಂದ ಉಳಿಯುವುದೋ ವಿತರಣೆಯಿಂದ ಉಳಿಯುವುದೋ ಎಂಬ ಪ್ರಶ್ನೆಗೆ ಬೀದರ ನಾಡಿನ ಇತಿಹಾಸವೇ ಉತ್ತರ ನೀಡುತ್ತದೆ. ಬಹಮನಿ ರಾಜ್ಯದ ಪ್ರಧಾನಿ ಮಹಮೂದ್ ಗವಾನನು ಕ್ರಿ.ಶ. 1472ರಲ್ಲಿ ಬೀದರ ನಗರದಲ್ಲಿ ಕಟ್ಟಿಸಿದ ಮದರಸಾ ದೂರದೇಶಗಳ ವಿದ್ವಾಂಸರಿಗೆ ಆಶ್ರಯವಿತ್ತ ಮಹಾವಿದ್ಯಾಲಯ. ಅದರ ಗ್ರಂಥಭಂಡಾರದಲ್ಲಿ 3000 ಹಸ್ತಪ್ರತಿಗಳಿದ್ದುವೆಂಬುದು ಪ್ರತೀತಿ. 1696ರ ಮದ್ದಿನ ಸ್ಫೋಟದಲ್ಲಿ ಕಟ್ಟಡದ ಒಂದು ಪಾರ್ಶ್ವವೇ ಕುಸಿಯಿತು. ಗ್ರಂಥಭಂಡಾರವೂ ಇಂದಿಲ್ಲ; ಒಂದು ಮಿನಾರು, ಬಣ್ಣದ ಹಂಚಿನ ಗೋಡೆಗಳು ಆ ವೈಭವಕ್ಕೆ ಸಾಕ್ಷಿಯಾಗಿ ನಿಂತಿವೆ.

ಬೀದರವು ಮುಂದೆ ನಿಜಾಮರ ಆಳ್ವಿಕೆಗೆ ಒಳಪಟ್ಟಿತು. ಅವರ ರಾಜಧಾನಿ ಹೈದರಾಬಾದಿನಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು, ತನ್ನದೇ ಅನುವಾದ ಸಂಸ್ಥೆಯ ನೆರವಿನಿಂದ, ಆಧುನಿಕ ಶಾಸ್ತ್ರಗಳನ್ನು ಉರ್ದುವಿನಲ್ಲಿಯೇ ಬೋಧಿಸಿತು. ಇಂಗ್ಲಿಷಿನ ಗೋಡೆಯನ್ನೊಡೆದ ಆ ಪ್ರಯತ್ನ ಸ್ತುತ್ಯವಾದುದು. ಆದರೆ ಬಗದಲ, ಭಾಲ್ಕಿ, ಔರಾದಗಳ ಕನ್ನಡ ಮನೆಯ ಮಕ್ಕಳಿಗೆ ಉರ್ದುವೇ ಮತ್ತೊಂದು ಗೋಡೆಯಾಯಿತು.

ಆ ಗೋಡೆಯಲ್ಲಿ ಬಾಗಿಲು ತೆರೆದವರು ಭಾಲ್ಕಿ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು. ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ: ಇದು ಅವರು ಕಂಡುಕೊಂಡ ಮಾರ್ಗ. ದೂರದ ಬಡ ಮಕ್ಕಳಿಗೆ ಪ್ರಸಾದನಿಲಯಗಳೂ ತೆರೆದುವು. ಅನ್ನದೊಡನೆ ಅಕ್ಷರವೂ ದಾಸೋಹವಾಯಿತು. 1956ರಲ್ಲಿ ಬೀದರವು ಕನ್ನಡ ರಾಜ್ಯವನ್ನು ಸೇರಿದಾಗ ಇಲ್ಲಿ ಕನ್ನಡ ಓದಬಲ್ಲ ಪೀಳಿಗೆಯೊಂದು ಸಿದ್ಧವಾಗಿದ್ದುದಕ್ಕೆ ಇಂತಹ ಸೇವೆಯೇ ಕಾರಣ.

1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವು ಸ್ಥಾಪನೆಯಾಗಿ ಉನ್ನತ ವಿದ್ಯೆಯೂ ಈ ಸೀಮೆಯ ಸಮೀಪಕ್ಕೆ ಬಂದಿತು. ಆದರೂ ಸಂಶೋಧನೆಯ ಫಲವು ಕಪಾಟುಗಳಲ್ಲಿಯೇ ಉಳಿದರೆ ಅದು ಸಂಗ್ರಹವೇ ಹೊರತು ದಾಸೋಹವಲ್ಲ. ಜನರ ನುಡಿಯಲ್ಲಿ ಜನರ ಮನೆ ಮುಟ್ಟಿದ ವಿದ್ಯೆಯನ್ನು ಯಾವ ಸ್ಫೋಟವೂ ಅಳಿಸಲಾರದು.